ಆನಿಮೇಟರುಗಳ ಖಾಸಗಿ ರೀಲು ಹುಡುಕುವ ಬಗೆ

ಹಗಲಿಡೀ ಡಿಸ್ನಿಗೆ ಚಿತ್ರ ಬರೆದು, ಬಿಡುವಿನಲ್ಲಿ ತಮ್ಮದೇ ಸಿನಿಮಾ ಮಾಡಿಕೊಂಡವರು ಹಲವರು. ‘ಪಿನೋಕಿಯೊ’ ಚಿತ್ರದ ಜೀರುಂಡೆ ಜಿಮಿನಿ ಕ್ರಿಕೆಟ್‌ಗೆ ರೂಪ ಕೊಟ್ಟ ವಾರ್ಡ್ ಕಿಂಬಲ್ 1968ರಲ್ಲಿ ‘ಎಸ್ಕಲೇಷನ್’ ಎಂಬ ಚುಟುಕು ಚಿತ್ರ ಮಾಡಿದರು. ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟು ಅದು; ಅಮೆರಿಕದ ಆಗಿನ ಅಧ್ಯಕ್ಷ ಜಾನ್ಸನ್ನರ ಮೂಗು, ಸುಳ್ಳು ಹೇಳಿದಾಗ ಉದ್ದವಾಗುವ ಪಿನೋಕಿಯೊನ ಮೂಗಿನಂತೆ ಬೆಳೆಯುತ್ತದೆ. ಡಾನ್ ಬ್ಲೂತ್ ಮತ್ತು ಗೆಳೆಯರು 1970ರ ದಶಕದಲ್ಲಿ ಗ್ಯಾರೇಜಿನಲ್ಲೇ ಬೆಕ್ಕಿನ ಮರಿಯೊಂದರ ಕಥೆಗೆ ಚಿತ್ರ ಬರೆಯುತ್ತ ಕೂತಿದ್ದರು. ಇಂಥವು ಸ್ಟುಡಿಯೊದ ಲೆಕ್ಕಪುಸ್ತಕದಲ್ಲಿ ಸಿಗುವುದಿಲ್ಲ. ಹಾಗಾಗಿ ಸಿನಿಮಾ ಬಿಟ್ಟು ಮನುಷ್ಯರನ್ನು ಹುಡುಕಿ.

ಮೊದಲು ಹೆಸರಿನ ಪಟ್ಟಿ ಮಾಡಿಕೊಳ್ಳಿ. ನಿಮ್ಮ ಆನಿಮೇಟರ್ ಜತೆ ಕೆಲಸ ಮಾಡಿದವರು ಯಾರು, ಊಟದ ಹೊತ್ತಿನ ಗೆಳೆಯರು ಯಾರು, ಯಾರ ಕೈಲಿ ಕ್ಯಾಮೆರಾ ಇತ್ತು? ಇದಕ್ಕೆ ಸಾಕ್ಷ್ಯಚಿತ್ರಗಳ ಕೊನೆಯ ಹೆಸರುಪಟ್ಟಿ ಒಳ್ಳೆಯ ದಾರಿ. ಎಲ್ಲರೂ ಎದ್ದು ಹೋಗುವ ಹೊತ್ತಿಗೆ ನೀವು ಕೂತಿರಬೇಕು. ಡಿಸ್ನಿ ಆನಿಮೇಟರುಗಳ ಕುರಿತ 2009ರ ಸಾಕ್ಷ್ಯಚಿತ್ರ ‘ವೇಕಿಂಗ್ ಸ್ಲೀಪಿಂಗ್ ಬ್ಯೂಟಿ’ ನೋಡಿ: ಆನಿಮೇಟರ್ ರ್‍ಯಾಂಡಿ ಕಾರ್ಟ್‌ರೈಟ್ 1980ರಲ್ಲಿ ಸ್ಟುಡಿಯೊ ಸುತ್ತಿಸುತ್ತ ತಮಾಷೆಗೆ ತೆಗೆಸಿದ ತುಣುಕು ಅದರಲ್ಲಿದೆ. ಕ್ಯಾಮೆರಾ ಹಿಡಿದದ್ದು ಮುಂದೆ ‘ಟಾಯ್ ಸ್ಟೋರಿ’ ನಿರ್ದೇಶಿಸಿದ ಜಾನ್ ಲ್ಯಾಸೆಟರ್! ಒಂದೇ ತುಣುಕಿನಿಂದ ಇಬ್ಬರ ಹೆಸರು ಸಿಕ್ಕಿತಲ್ಲ.

ಆಮೇಲೆ ಅಂತರ್ಜಾಲ. ಇಲ್ಲಿ ನಾನೇ ಒಂದು ಸಂಜೆ ಹಾಳು ಮಾಡಿಕೊಂಡಿದ್ದೇನೆ. ಟಿಮ್ ಬರ್ಟನ್ ಮತ್ತು ಜೆರ್ರಿ ರೀಸ್ 1982ರಲ್ಲಿ ಡಿಸ್ನಿಯ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಮಾಡಿದ ‘ಲೂಆವ್’ ಹುಡುಕಲು ಬರೀ ಶೀರ್ಷಿಕೆ ಹಾಕಿದೆ. ಆ ಪದಕ್ಕೆ ಹವಾಯಿಯ ಔತಣ ಎಂದು ಅರ್ಥ. ಬಂದದ್ದೆಲ್ಲ ಹೂಮಾಲೆ, ಹಂದಿಮಾಂಸ, ಹುಟ್ಟುಹಬ್ಬ. ಶೀರ್ಷಿಕೆಯ ಜತೆ ಇಬ್ಬರು ನಿರ್ದೇಶಕರ ಹೆಸರು ಮತ್ತು ಇಸವಿ ಸೇರಿಸಿದ ಮೇಲೆ ದಾರಿಗೆ ಬಂತು. ಹೆಸರಿನ ಬೇರೆ ಬೇರೆ ಕಾಗುಣಿತವನ್ನೂ ಹಾಕಿ ನೋಡಿ.

ಅಷ್ಟಕ್ಕೂ ಸಿಗದಿದ್ದರೆ ಸಂಗ್ರಹಾಲಯಗಳ ಸೂಚಿ ತೆರೆಯಿರಿ: ಲಾಸ್ ಏಂಜಲೀಸ್‌ನ ಅಕಾಡೆಮಿ ಫಿಲ್ಮ್ ಆರ್ಕೈವ್, ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್. ರೀಲಿನ ಡಬ್ಬಿ ಅದನ್ನು ದಾನ ಕೊಟ್ಟವರ ಹೆಸರಲ್ಲಿರಬಹುದು, ‘ಹೋಮ್ ಮೂವಿ’ ಎಂದಷ್ಟೇ ನಮೂದಾಗಿರಬಹುದು. ಹಳೆಯ ಪ್ರದರ್ಶನಗಳ ವಿವರವನ್ನೂ ಬಿಡಬೇಡಿ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2009ರಲ್ಲಿ ಬರ್ಟನ್ ಪ್ರದರ್ಶನ ಇಟ್ಟಾಗ ಅವರ ಹವ್ಯಾಸಿ ಚಿತ್ರಗಳೂ ಜನರ ಕಣ್ಣಿಗೆ ಬಿದ್ದವು.

ರೀಲೇ ಕೈಗೆ ಬಂತೆನ್ನಿ. ಪ್ರೊಜೆಕ್ಟರಿಗೆ ಹಾಕುವ ಆಸೆಯನ್ನು ತಡೆದುಕೊಳ್ಳಿ. ಕುಗ್ಗಿದ ಫಿಲ್ಮಿನ ತೂತುಗಳು ಹಲ್ಲಿಗೆ ಸಿಕ್ಕಿ ಹರಿಯುತ್ತವೆ. ಮುಚ್ಚಳ ತೆಗೆದು ಮೂಸಿ. ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ಫಿಲ್ಮಿನ ಮೂಲವಸ್ತುವಾದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆ ರೀಲುಗಳಿಂದ ದೂರವಿಟ್ಟು ಬೇಗ ಸ್ಕ್ಯಾನ್ ಮಾಡಿಸಿ. ನಂತರ ಹತ್ತಿಯ ಕೈಗವಸು ತೊಟ್ಟು, ಒಂದೆರಡು ಅಡಿ ಬಿಚ್ಚಿ, ಭೂತಗನ್ನಡಿಯಲ್ಲಿ ಅಂಚು ನೋಡಿ. ಕೊಡಕ್ ಕಂಪನಿ ಅಲ್ಲಿ ಪುಟ್ಟ ವೃತ್ತ, ಚೌಕ, ತ್ರಿಕೋನಗಳಲ್ಲಿ ಇಸವಿ ಗುರುತಿಸುತ್ತಿತ್ತು. ಇಪ್ಪತ್ತು ವರ್ಷಕ್ಕೊಮ್ಮೆ ಅವೇ ಮರುಕಳಿಸುತ್ತಿದ್ದವು. ಒಂಟಿ ತ್ರಿಕೋನವೆಂದರೆ 1938, 1958 ಇಲ್ಲವೇ 1978. ಮೂರರಲ್ಲಿ ಯಾವುದು? ದೃಶ್ಯದಲ್ಲಿರುವ ಕಾರು, ಪ್ಯಾಂಟಿನ ಅಗಲ ಹೇಳುತ್ತವೆ. ಫಿಲ್ಮು ಸೂಪರ್ 8, ಅಂದರೆ ಮನೆಬಳಕೆಯ 8 ಮಿ.ಮೀ. ಅಗಲದ ಒಂದು ಬಗೆ, ಆಗಿದ್ದರೆ ತಲೆನೋವೇ ಇಲ್ಲ; ಅದು ಮಾರುಕಟ್ಟೆಗೆ ಬಂದದ್ದೇ 1965ರಲ್ಲಿ, ಹಾಗಾಗಿ 1978 ಒಂದೇ ಉಳಿಯುತ್ತದೆ. ಅಂದಹಾಗೆ ಅಂಚಿನ ಗುರುತು ಹೇಳುವುದು ಕಚ್ಚಾ ಫಿಲ್ಮ್ ತಯಾರಾದ ವರ್ಷವನ್ನು. ಚಿತ್ರೀಕರಣ ಒಂದೆರಡು ವರ್ಷ ತಡವಾಗಿಯೂ ಆಗಿರಬಹುದು.

ರೀಲು ಕೊಂಡ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. ಎಲ್ಲಿಗಾದರೂ ಏರಿಸುವ ಮೊದಲು ಚಿತ್ರ ಮಾಡಿದವರನ್ನು ಅಥವಾ ಮನೆಯವರನ್ನು ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಸ್ಕ್ಯಾನ್ ಪ್ರತಿಯೊಂದನ್ನು ಅವರಿಗೂ ಕೊಡಿ. ಸಾಧ್ಯವಾದರೆ ಅದನ್ನು ಜತೆಗೇ ಕೂತು ನೋಡಿ, ಫೋನಿನಲ್ಲಿ ಧ್ವನಿಮುದ್ರಣ ಚಾಲೂ ಇರಲಿ. ಹಿಂದೆ ನಕ್ಕು ಮರೆಯಾಗುವ ಆ ಕನ್ನಡಕದವನು ಯಾರೆಂದು ಹೇಳಬಲ್ಲವರು ಅವರೊಬ್ಬರೇ ಇದ್ದಾರು.