ಸಾಕಿದ ನಾಯಿಗೆ ಹೊಸ ಮನೆ ಹುಡುಕುವ ಬಗೆ

ಮಂಗಳೂರಿನಲ್ಲಿ ಹಿತ್ತಲಿರುವ ಮನೆಯನ್ನು ಬಿಟ್ಟು ಫ್ಲ್ಯಾಟಿಗೆ ಹೋಗುವವರು, ಕೆಲಸಕ್ಕಾಗಿ ಗಲ್ಫಿಗೆ ಹೊರಡುವವರು, ಸಾಕಿದ ನಾಯಿಯನ್ನು ಮೀನು ಮಾರುಕಟ್ಟೆಯ ಬಳಿ ಬಿಟ್ಟರೆ ಹೇಗಾದರೂ ಬದುಕಿಕೊಳ್ಳುತ್ತದೆ ಎಂದು ಭಾವಿಸುವುದುಂಟು. ಮನೆಯ ಅನ್ನ ತಿಂದು ಬೆಳೆದ ನಾಯಿಗೆ ಬೀದಿಯ ಬದುಕು ಬಾರದು. ಸಕಾರಣವಿಲ್ಲದೆ ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ಹುಡುಕಾಟ ಆರಂಭಿಸಿ. ರೇಬೀಸ್ ಲಸಿಕೆ ಹಾಕಿಸಿ, ಅದರ ದಾಖಲೆಯನ್ನು ಸಿದ್ಧವಾಗಿಡಿ. ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸುವುದು ಒಳ್ಳೆಯದು, ಏಕೆಂದರೆ ಮರಿ ಹಾಕಿಸಿ ಮಾರುವ ಉದ್ದೇಶದಿಂದ ಬರುವವರು ಆಗ ತಾವಾಗಿಯೇ ದೂರ ಸರಿಯುತ್ತಾರೆ. ನಾಯಿಯನ್ನು ಬಲ್ಲ ನೆಂಟರು, ನೆರೆಯವರು ಮತ್ತು ಪಶುವೈದ್ಯರನ್ನು ಮೊದಲು ಕೇಳಿ. ಗುಡುಗಿಗೆ ಹೆದರುತ್ತದೆ, ಮಕ್ಕಳನ್ನು ಕಂಡರೆ ಗುರುಗುಟ್ಟುತ್ತದೆ ಎಂಬಂಥ ಸಂಗತಿಗಳನ್ನು ಮುಚ್ಚಿಡಬಾರದು.

ಒಪ್ಪಿದವರ ಮನೆಗೆ ನೀವೇ ಹೋಗಿ, ಇಡೀ ದಿನ ಸರಪಳಿಯಲ್ಲಿ ಕಟ್ಟುತ್ತಾರೆಯೇ, ಆಟಿಯ ಮಳೆಗೆ ನೆನೆಯದೆ ಮಲಗಲು ಜಾಗವಿದೆಯೇ ಎಂದು ನೋಡಿ. ನನ್ನ ಅಭಿಪ್ರಾಯದಲ್ಲಿ ಈ ಭೇಟಿಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಒಪ್ಪಿಸುವಾಗ ಅದು ಮಲಗುತ್ತಿದ್ದ ಗೋಣಿಯನ್ನೂ ಒಂದು ವಾರಕ್ಕಾಗುವಷ್ಟು ರೂಢಿಯ ಆಹಾರವನ್ನೂ ಕೊಡಿ. ಹೊಂದಿಕೊಳ್ಳದಿದ್ದರೆ ಬೀದಿಗೆ ಬಿಡದೆ ನಿಮಗೇ ತಿಳಿಸಬೇಕೆಂದು ಬರೆಸಿಕೊಳ್ಳಿ.