ಬಾಲ ಕೊಯ್ದಾಯ್ತಾ?

ನಾವು ನಾಲ್ಕು ಜನ. ಮೂವರು ತುಮಕೂರಿನವರು, ಒಬ್ಬ ಕ್ಯಾತ್ಸಂದ್ರದವನು. ರಾತ್ರಿ ಊಟ ಆದ ಮೇಲೆ ಒಟ್ಟಿಗೆ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ ಆಡುತ್ತೇವೆ. ದೈತ್ಯ ಮಾನ್‌ಸ್ಟರ್‌ಗಳನ್ನು ಬೇಟೆಯಾಡುವ 2018ರ ಗೇಮ್. ಒಂದು ಬೇಟೆಗೆ ಹೆಚ್ಚೆಂದರೆ ನಾಲ್ಕು ಜನ. ಸಾಮಾನ್ಯವಾಗಿ 50 ನಿಮಿಷ ಟೈಮು, ಏಟು ತಿಂದು ಎಲ್ಲರದ್ದೂ ಸೇರಿ 3 ಸಲ ಪ್ರಜ್ಞೆ ತಪ್ಪಿ ಬಿದ್ದರೆ ಮುಗೀತು. ಒಬ್ಬನೇ ಮೂರು ಸಲ ಬಿದ್ದರೂ ನಾಲ್ವರೂ ಸೋತಂತೆ. ಜಗಳ ಹುಟ್ಟೋದೇ ಇಲ್ಲಿ.

ನಮ್ಮಲ್ಲಿ ದೊಡ್ಡ ಜಗಳ ಆಗಿದ್ದು ರಾಥಲೋಸ್ ಬೇಟೆಯಲ್ಲಿ. ಬೆಂಕಿ ಉಗುಳುವ, ಹಾರುವ ಮಾನ್‌ಸ್ಟರ್ ಅದು. ಅದರ ಬಾಲ ಕತ್ತರಿಸಿ, ಕೆಳಗೆ ಬಿದ್ದ ಆ ತುಂಡಿನ ಹತ್ತಿರ ಹೋಗಿ ಕೊಯ್ದರೆ ಬೇರೆ ಸಾಮಾನು ಸಿಗುತ್ತದೆ. ಕ್ಯಾತ್ಸಂದ್ರದ ಗೆಳೆಯನಿಗೆ ಬೇಕಾಗಿದ್ದೇ ಅದು. ಲಾಂಗ್ ಸ್ವೋರ್ಡ್‌ನಲ್ಲಿ ಹೊಡೆದೂ ಹೊಡೆದೂ ಬಾಲ ತುಂಡು ಮಾಡಿದ. ಮರುಕ್ಷಣವೇ ಬೆಂಕಿಗೆ ಸಿಕ್ಕಿ ಬಿದ್ದ. ಗೇಮಿನಲ್ಲಿ ಬಿದ್ದವರನ್ನು ಹೊತ್ತೊಯ್ಯುವ ಬೆಕ್ಕುಗಳು ಅವನನ್ನು ಗಾಡಿಯಲ್ಲಿ ತಂದು ಕ್ಯಾಂಪಿನಲ್ಲಿ ಸುರಿದವು. ಅಲ್ಲಿಂದ ಓಡಿ ಬರುತ್ತಿದ್ದ.

ಅಷ್ಟರಲ್ಲಿ ರಾಥಲೋಸ್ ಕುಂಟುತ್ತಾ ಮೇಲಿನ ಗೂಡಿಗೆ ಹೋಗಿ ಮಲಗಿತು. ನಾನು ಹಿಂದೆಯೇ ಹೋಗಿ ಶಾಕ್ ಟ್ರ್ಯಾಪ್ ಇಟ್ಟು, ಮಂಪರು ಬರಿಸುವ ಎರಡು ಟ್ರ್ಯಾಂಕ್ ಬಾಂಬ್ ಎಸೆದೆ. ಸೆರೆ ಸಿಕ್ಕಿತು! ಖುಷಿಯಲ್ಲಿ ಕೂಗಿದೆ. ಹೆಡ್‌ಫೋನಿನಲ್ಲಿ ಒಬ್ಬರೂ ಮಾತಾಡಲಿಲ್ಲ.

“ಲೋ, ನಾನಿನ್ನೂ ಬಾಲ ಕೊಯ್ದಿಲ್ಲ ಕಣೋ,” ಅಂದ ಅವನು.

ಸೆರೆ ಹಿಡಿದರೆ ಬೇಟೆ ಅಲ್ಲಿಗೇ ಮುಗಿಯುತ್ತದೆ. ಬಾಲ ಕೆಳಗೆ ಕಾಡಿನಲ್ಲೇ ಉಳಿಯಿತು.

ಮಾರನೇ ರಾತ್ರಿ ಅವನು ಬೇಟೆಯ ನಡುವೆ ಮಾಯವಾದ. ಸಿಟ್ಟಿನಿಂದ ಬಿಟ್ಟು ಹೋದ ಅಂದುಕೊಂಡೆವು. ಒಬ್ಬ ಗ್ರೂಪಿನಲ್ಲಿ ಬೈದೂ ಬಿಟ್ಟ. ಆಮೇಲೆ ಗೊತ್ತಾಯಿತು, ಅವರ ಬೀದಿಯಲ್ಲಿ ಕರೆಂಟ್ ಹೋಗಿತ್ತು. ನನಗೆ ತುಂಬಾ ಬೇಜಾರಾಯಿತು.

ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದಲ್ಲೇ ತಟ್ಟೆ ಇಡ್ಲಿ ತಿನ್ನುತ್ತಾ ಕೂತು ಮಾತಾಡಿದೆವು. ಬೇಟೆ ಶುರು ಮಾಡಿದವನೇ ಮೊದಲೇ ಹೇಳಬೇಕು, ಕೊಲ್ಲೋದೋ, ಸೆರೆ ಹಿಡಿಯೋದೋ. ಮಾನ್‌ಸ್ಟರ್ ಮಲಗಿದಾಗ ಸುಮ್ನೆ ಯಾರೂ ಹೊಡೆಯಬಾರದು. ಮಲಗಿರುವಾಗ ಬೀಳುವ ಮೊದಲ ಏಟಿಗೆ ಎರಡು ಪಟ್ಟು ಬಲ, ಅದನ್ನು ಸಣ್ಣ ಚಾಕುವಿನಲ್ಲಿ ಹಾಳು ಮಾಡಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಆ ಏಟು ಗ್ರೇಟ್ ಸ್ವೋರ್ಡ್ ಅನ್ನೋ ಭಾರೀ ಕತ್ತಿ ಇರುವವನಿಗೇ. ಹ್ಯಾಮರ್‌ನವನು ತಲೆ ಹತ್ತಿರ, ಲಾಂಗ್ ಸ್ವೋರ್ಡ್‌ನವನು ಬಾಲದ ಹತ್ತಿರ. ಇಲ್ಲದಿದ್ದರೆ ಉದ್ದನೆಯ ಕತ್ತಿ ಪಕ್ಕದವನನ್ನು ಎಡವಿಸುತ್ತದೆ. ಫ್ಲಿಂಚ್ ಫ್ರೀ ಸ್ಕಿಲ್ ಹಾಕಿಕೊಂಡರೆ ಆ ಕಾಟವೂ ಇಲ್ಲ.

ಎಸ್‌ಓಎಸ್, ಅಂದರೆ ಬೇಟೆಯ ನಡುವೆ ನಾವು ಕಳಿಸುವ ಸಹಾಯದ ಕರೆ, ನೋಡಿ ಬರುವ ಅಪರಿಚಿತರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಮೊದಲೆಲ್ಲ ಒಂದು ಸಲ ಎಡವಿಸಿದರೂ ಹೊರಗೆ ಹಾಕುತ್ತಿದ್ದೆ. ಈಗ ಹಾಗೆ ಮಾಡಲ್ಲ. ಬೇಕಂತಲೇ ಕಾಟ ಕೊಡುವವನು ಮಾನ್‌ಸ್ಟರ್ ಬಿಟ್ಟು ನನ್ನ ಹಿಂದೆಯೇ ಬರುತ್ತಾನೆ. ಹೊಸಬನ ಕಣ್ಣು ಮಾನ್‌ಸ್ಟರ್ ಮೇಲೇ ಇರುತ್ತದೆ. ಎರಡು ನಿಮಿಷ ನೋಡಿದರೆ ತಿಳಿಯುತ್ತದೆ.

ಹೋದ ವಾರ ಮತ್ತೆ ರಾಥಲೋಸ್. ಟ್ರ್ಯಾಪ್ ಇಟ್ಟು, ಬಾಂಬ್ ಕೈಯಲ್ಲಿ ಹಿಡಿದು ಗೂಡಿನಲ್ಲಿ ನಿಂತಿದ್ದೆ.

“ಕೊಯ್ದಾಯ್ತಾ?”

“ಒಂದ್ನಿಮಿಷ ಇರೋ... ಹ್ಞಾಂ, ಆಯ್ತು. ಹಾಕು.”