ಕಾರ್ಟ್ರಿಡ್ಜ್ ಬದಲಿಸಲು ವಾಸನೆಗೆ ಕಾಯಬೇಡಿ

ಪಾಲಿಶ್ ಕೆಲಸ ನಡೆಯುವ ಮನೆಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು: ‘ವಾಸನೆ ಬರ್ತಿಲ್ಲ ಸರ್, ಇನ್ನೂ ಚೆನ್ನಾಗೇ ಇದೆ.’ ಮಾತು ಮಾಸ್ಕಿಗೆ ತಿರುಗಿಸಿ ಕೂರಿಸುವ, ಗಾಳಿ ಸೋಸುವ ಡಬ್ಬಿಯ, ಅಂದರೆ ಕಾರ್ಟ್ರಿಡ್ಜ್‌ನ ಬಗ್ಗೆ. ಅದನ್ನು ಹಾಕಿ ಮೂರು ತಿಂಗಳಾಗಿರುತ್ತದೆ. ಮಾಸ್ಕ್ ಮೊಳೆಗೆ ನೇತಾಡುತ್ತಿರುತ್ತದೆ, ಕೆಳಗೆ ತಿನ್ನರ್ ಡಬ್ಬ ತೆರೆದೇ ಇರುತ್ತದೆ.

ಮೊದಲು ಮಾಸ್ಕಿನಲ್ಲಿ ಗಾಳಿ ಸೋಸುವ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಿ. ತೆಳ್ಳಗಿನ ಪದರ ದೂಳಿಗೆ. ಇದ್ದಿಲು ತುಂಬಿದ ಗಟ್ಟಿ ಡಬ್ಬಿ, ಅಂದರೆ ಕಾರ್ಟ್ರಿಡ್ಜ್, ಆವಿಗೆ. ಸ್ಪ್ರೇ ಮಾಡುವವರಿಗೆ ಎರಡೂ ಬೇಕು. ‘ಕಾರ್ಬನ್’ ಎಂದು ಬರೆದ ಬಟ್ಟೆ ಮಾಸ್ಕ್ ತಿನ್ನರ್ ಕೆಲಸಕ್ಕೆ ಸಾಲದು, ಆ ದುಡ್ಡು ಉಳಿಸಿ.

ದೂಳಿನ ಪದರ ಬದಲಿಸುವುದು ಸುಲಭ. ಉಸಿರೆಳೆಯಲು ಕಷ್ಟವಾದರೆ, ಒದ್ದೆಯಾದರೆ, ಹರಿದರೆ ಎಸೆಯಿರಿ. ತೊಳೆಯುವುದು, ಕಂಪ್ರೆಸರ್ ಗಾಳಿ ಬಿಡುವುದು ಬೇಡವೇ ಬೇಡ.

ಎಡವುವುದು ಡಬ್ಬಿಯ ವಿಷಯದಲ್ಲಿ. ಇದ್ದಿಲಿನ ಸಣ್ಣ ರಂಧ್ರಗಳಲ್ಲಿ ಆವಿ ಅಂಟಿಕೊಳ್ಳುತ್ತದೆ. ಜಾಗ ಮುಗಿದ ಮೇಲೆ ನೇರ ಒಳಗೆ ಬರುತ್ತದೆ. ಆಗಲೂ ಉಸಿರಾಟ ಮೊದಲಿನಷ್ಟೇ ಸರಾಗ, ಡಬ್ಬಿ ನೋಡಲು ಹೊಸದರಂತೆಯೇ. ಮೂಗಂತೂ ಸ್ವಲ್ಪ ಹೊತ್ತಿಗೇ ತಿನ್ನರಿಗೆ ಒಗ್ಗಿಹೋಗಿರುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಅಪಾಯದ ಮಟ್ಟ ದಾಟಿದರೂ ವಾಸನೆ ಕೊಡದಿರಬಹುದು. ಅದರಿಂದ ಒಮ್ಮೆ ಆಸ್ತಮಾ ಹತ್ತಿದರೆ ಮುಂದೆ ತುಸು ಸೋಕಿದರೂ ಉಬ್ಬಸ. ದಿನವಿಡೀ ಪಿಯು ಹೊಡೆಯುವವರಿಗೆ ಪೈಪಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕೇ ಸರಿ.

ಹಾಗಾಗಿ ಗಂಟೆ ಎಣಿಸಿ. ಪ್ಯಾಕೆಟ್ ಒಡೆದ ತಾರೀಖನ್ನು ಮಾರ್ಕರ್ ಪೆನ್ನಿನಲ್ಲಿ ಡಬ್ಬಿಯ ಮೇಲೇ ಬರೆಯಿರಿ. ಬಳಸಿದ ಗಂಟೆಗೊಂದು ಗೀಟು ಹಾಕಿ. ತಯಾರಕರು ಕೊಟ್ಟ ಅವಧಿ ಇದ್ದರೆ ಅದೇ ಲೆಕ್ಕ. ಆದರೆ ಅವರು ಎಂಟು ಗಂಟೆಗಿಂತ ಹೆಚ್ಚು ಹೇಳಿದರೂ, ಸ್ಪ್ರೇ ಕೆಲಸದಲ್ಲಿ 8 ಗೀಟು ದಾಟಿಸಬೇಡಿ ಎಂಬುದು ನನ್ನ ಹಠ. ಕರಾವಳಿಯ ಮಳೆಗಾಲದಲ್ಲಿ 4 ಸಾಕು, ಏಕೆಂದರೆ ತೇವವೂ ಇದ್ದಿಲಿನಲ್ಲಿ ಜಾಗ ಹಿಡಿಯುತ್ತದೆ. ತಿನ್ನರಿನಲ್ಲಿ ಅಸಿಟೋನ್ ಇದ್ದರೆ ಗೀಟು ಎಷ್ಟೇ ಇರಲಿ, ಅಂದು ಸಂಜೆಯೇ ಎಸೆಯಿರಿ. 56 ಡಿಗ್ರಿಗೇ ಕುದಿಯುವ ದ್ರವ ಅದು. ಹಿಡಿದಿಟ್ಟ ಆವಿ ರಾತ್ರಿಯಿಡೀ ಇದ್ದಿಲಿನೊಳಗೆ ಸರಿಯುತ್ತಾ ಹೋಗಿ ಬೆಳಿಗ್ಗೆ ಮೊದಲ ಉಸಿರಿಗೇ ಸಿಗಬಹುದು.

ಊಟಕ್ಕೆ ಎದ್ದಾಗ ಮಾಸ್ಕನ್ನು ಜಿಪ್ ಕವರಿನಲ್ಲಿ ಮುಚ್ಚಿಡಿ. ತೆರೆದಿಟ್ಟರೆ ನೀವು ಉಣ್ಣುವಾಗಲೂ ಅದು ಕೋಣೆಯ ಆವಿಯನ್ನು ಹೀರುತ್ತಿರುತ್ತದೆ.

ಸಂಪಿನೊಳಗೆ ಇಳಿದು ಬಣ್ಣ ಬಳಿಯುವವರು ಹೊಸ ಕಾರ್ಟ್ರಿಡ್ಜನ್ನೂ ನಂಬಬಾರದು. ಅಲ್ಲಿ ಆಮ್ಲಜನಕವೇ ಕಡಿಮೆ ಇರಬಹುದು.

ಹೊಸದನ್ನು ತಿರುಗಿಸಿ ಕೂರಿಸಿದ ಮೇಲೆ ಎರಡೂ ಬದಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳಬೇಕು. ಗಡ್ಡವಿದ್ದರೆ ಪಟ್ಟಿ ಎಷ್ಟು ಬಿಗಿದರೂ ಗಾಳಿ ನುಸುಳುತ್ತದೆ; ಸ್ಪ್ರೇ ಇರುವ ದಿನ ಬೋಳಿಸಿಕೊಂಡೇ ಕೆಲಸಕ್ಕೆ ಬನ್ನಿ.